ಹೂಂಗುಟ್ಟುವವಳು

ಡ್ರೈವಿಂಗ್ ಸ್ಕೂಲಿನ ಆ ಹಳೆಯ ಬಿಳಿ ಕಾರಿನಲ್ಲಿ ಎರಡು ಬ್ರೇಕುಗಳಿವೆ. ಒಂದು ಕಲಿಯುವವರ ಕಾಲಡಿಯಲ್ಲಿ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವ ಕೊಕ್ಕರೆಯ ಕಾಲಡಿಯಲ್ಲಿ. ಹೊಸಬರು ಸೀಟು ಮುಂದಕ್ಕೆಳೆದುಕೊಂಡು, ಕನ್ನಡಿ ಸರಿಮಾಡಿಕೊಂಡು, ಗಾಡಿಯನ್ನು ಎರಡು ಸಲ ಆಫ್ ಮಾಡಿ ಮೂರನೆಯ ಸಲ ಹೇಗೋ ಹೊರಡಿಸಿದ ಕೂಡಲೇ ಅವಳು ಕೇಳುವ ಮೊದಲ ಪ್ರಶ್ನೆಗೂ ರಸ್ತೆಗೂ ಏನೇನೂ ಸಂಬಂಧವಿರುವುದಿಲ್ಲ. ನಿನ್ನೆ ಮನೆಯಲ್ಲಿ ಏನಾಯಿತು ಹೇಳಿ, ಎನ್ನುತ್ತಾಳೆ.

ಜನ ತಬ್ಬಿಬ್ಬಾಗುತ್ತಾರೆ. ಈ ಹೆಂಗಸಿಗೆ ಊರ ಉಸಾಬರಿ ಯಾಕೆ ಎಂದು ಒಳಗೊಳಗೇ ಮೂಗು ಮುರಿಯುವವರೂ ಉಂಟು. ಆದರೆ ಎರಡು ಬೀದಿ ದಾಟುವಷ್ಟರಲ್ಲಿ ಎಲ್ಲರ ಬಾಯಿಯೂ ಬಿಚ್ಚಿಕೊಳ್ಳುತ್ತದೆ. ಸೋರುವ ನಲ್ಲಿ, ಮಾತು ಬಿಟ್ಟ ನಾದಿನಿ, ಗೊರಕೆ ಹೊಡೆಯುವ ಗಂಡ, ಎಲ್ಲ ಒಂದೊಂದಾಗಿ ಹೊರಬರುತ್ತವೆ. ಕೊಕ್ಕರೆ ರಸ್ತೆಯ ಮೇಲೆ ಕಣ್ಣಿಟ್ಟು ಹೂಂ, ಹೂಂ ಎನ್ನುತ್ತಿರುತ್ತಾಳೆ. ಹೇಳುವವರ ದನಿ ನಡುವೆ ಗಕ್ಕನೆ ನಿಂತಿತೋ, ಎದುರಿನ ಲಾರಿ ಇನ್ನೂ ದೂರವಿದ್ದರೂ ಅವಳ ಕಾಲು ಎರಡನೆಯ ಬ್ರೇಕಿನ ಮೇಲೆ ಹೋಗಿ ಕೂತಿರುತ್ತದೆ. ಬಾಯಿ ನಿಂತಿತು ಎಂದರೆ ಕೈಕಾಲು ಬಿಗಿಯಾಯಿತು ಎಂದೇ ಅವಳ ಲೆಕ್ಕ. ಇದು ಯಾವ ಸೀಮೆಯ ಪಾಠ ಎಂದು ಸ್ಕೂಲಿನ ಮಾಲೀಕ ಗೊಣಗುತ್ತಾನೆ, ಆದರೆ ಅವಳ ಕೈಯಲ್ಲಿ ಕಲಿತವರು ಒಂದೇ ಸಲಕ್ಕೆ ಪರೀಕ್ಷೆ ಪಾಸಾಗುವುದರಿಂದ ಗೊಣಗಿ ಸುಮ್ಮನಾಗುತ್ತಾನೆ. ಲೈಸೆನ್ಸ್ ಕೈಗೆ ಬಂದವರಂತೂ ಹಿಂದಿರುಗಿ ನೋಡುವುದಿಲ್ಲ. ಆದ್ದರಿಂದ ಈ ಪಾಠವನ್ನು ಅವಳು ಎಲ್ಲಿ ಕಲಿತಳು ಎಂದು ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ.

ಅವಳು ಕಲಿತದ್ದು ಓಡುತ್ತಾ.

ಕೊಕ್ಕರೆ ಎಂಬುದು ಹಾಸ್ಟೆಲ್ಲಿನವರು ಇಟ್ಟ ಹೆಸರು. ಕಾಲೇಜಿಗೆ ಸೇರಿದಾಗ ಅವಳ ಮೈಯಲ್ಲಿ ಕಾಲು ಬಿಟ್ಟರೆ ಬೇರೇನೂ ಇದ್ದ ಹಾಗೆ ಕಾಣುತ್ತಿರಲಿಲ್ಲ. ಓಡುವಾಗ ಕತ್ತು ಮುಂದಕ್ಕೆ ಚಾಚುತ್ತಿದ್ದಳು. ಅಪ್ಪನದು ಕಾಲೇಜಿನ ಹಿಂಗೋಡೆಗೆ ಎದುರಾಗಿದ್ದ ಬೇಕರಿ. ಮೇಲೆ ಮನೆ, ಕೆಳಗೆ ಒಲೆ. ಮನೆ ಅಷ್ಟು ಹತ್ತಿರವಿದ್ದರೂ ಹಟ ಮಾಡಿ ಹಾಸ್ಟೆಲ್ ಸೇರಿದ್ದಳು, ಯಾಕೆಂದರೆ ಗೆಳತಿಯರೆಲ್ಲ ಅಲ್ಲಿದ್ದರು. ಬೆಳಗಿನ ಓಟಕ್ಕೆ ಮೈದಾನಕ್ಕಿಳಿದಾಗ ಬೆಂದ ಬ್ರೆಡ್ಡಿನ ವಾಸನೆ ಗೋಡೆ ದಾಟಿ ಬರುತ್ತಿತ್ತು. ಹೊಟ್ಟೆ ಚುರುಗುಟ್ಟುತ್ತಿದ್ದ ಹುಡುಗಿಯರು ಅವಳಪ್ಪನನ್ನು ಬಾಯ್ತುಂಬ ಬೈಯುತ್ತಿದ್ದರು, ಸುತ್ತು ಮುಗಿದ ಮೇಲೆ ಅವನ ಕೈಯಿಂದಲೇ ಬಿಸಿ ಬನ್ನು ಇಸಿದುಕೊಂಡು ತಿನ್ನುತ್ತಿದ್ದರು. ಇವತ್ತಿಗೂ ಯಾವುದಾದರೂ ಬೇಕರಿಯ ಮುಂದೆ ಹಾದುಹೋದರೆ ಕೊಕ್ಕರೆಗೆ ಹಸಿವಾಗುವುದಕ್ಕಿಂತ ಮೊದಲು ಕಾಲು ತುರಿಸುತ್ತದೆ.

ಅವಳ ಜೋಡಿ ಅಜ್ಜಿ. ಹೆಸರು ಕೇಳಿ ಹಣ್ಣು ಹಣ್ಣು ಮುದುಕಿಯನ್ನು ಊಹಿಸಿಕೊಳ್ಳಬೇಡಿ. ಕೊಕ್ಕರೆಗಿಂತ ಆರು ತಿಂಗಳಿಗೆ ಚಿಕ್ಕವಳು. ಹುಟ್ಟುವಾಗಲೇ ಹಣೆಯ ಮೇಲೊಂದು ಬಿಳಿ ಕೂದಲಿನ ಎಳೆ ಹೊತ್ತು ಬಂದಿದ್ದಳು, ಜೊತೆಗೆ ಮುಗಿಯದಷ್ಟು ಕಥೆಗಳನ್ನೂ ತಂದಿದ್ದಳು. ಆಮೇಲೆ ಬೇರೆ ಹೆಸರು ಯಾರಿಗೆ ಬೇಕು?

ಇವರಿಬ್ಬರನ್ನು ಜೋಡಿ ಮಾಡಿದವರು ಓಟ ಕಲಿಸುತ್ತಿದ್ದ ಮೇಷ್ಟ್ರು. ಚೂರು ಹೊಟ್ಟೆ, ಕೊರಳಲ್ಲಿ ಒಂದು ದಿನವೂ ಊದದ ಸೀಟಿ, ಗಳಿಗೆಗೊಮ್ಮೆ ಚೈನು ಕಳಚಿಕೊಳ್ಳುವ ಸೈಕಲ್ಲು. ಜೋರಾಗಿ ಓಡಿಸುವ ದಿನ ಗಡಿಯಾರ ಹಿಡಿಯುತ್ತಿದ್ದರು. ಉಳಿದ ದಿನಗಳಲ್ಲಿ, ಅಂದರೆ ಹೆಚ್ಚಿನ ದಿನಗಳಲ್ಲಿ, ಅದು ಅವರ ಜೇಬಿನಿಂದ ಹೊರಗೇ ಬರುತ್ತಿರಲಿಲ್ಲ. ದೂರ ಓಡುವವರು ನಿಧಾನದ ದಿನ ನಿಜವಾಗಿ ನಿಧಾನವಾಗಿ ಓಡಬೇಕು, ಆಗಲೇ ಮೂಳೆಗೂ ರಕ್ತಕ್ಕೂ ಪುರುಸೊತ್ತು ಸಿಗುತ್ತದೆ ಎಂಬುದು ಅವರ ನಂಬಿಕೆ. ನಿಧಾನ ಎಂದರೆ ಎಷ್ಟು ನಿಧಾನ? ಅದಕ್ಕೆ ಅವರದೇ ಒಂದು ಪದ್ಧತಿಯಿತ್ತು. ಇಬ್ಬಿಬ್ಬರು ಜೊತೆಯಾಗಿ ಕಾಲುವೆ ದಂಡೆಯ ಮೇಲೆ ಓಡಬೇಕು. ಒಬ್ಬಳು ಕಥೆ ಹೇಳಬೇಕು, ಇನ್ನೊಬ್ಬಳು ಹೂಂಗುಟ್ಟಬೇಕು.

"ಕಥೆ ಹೇಳೋಳಿಗೆ ಮಾತು ತುಂಡಾಯ್ತು ಅಂದ್ರೆ ಇಬ್ರೂ ನಿಧಾನ ಮಾಡಿ. ಹೂಂ ಅನ್ನೋಳಿಗೆ ಹೂಂ ತುಂಡಾಯ್ತು ಅಂದ್ರೆ ಇನ್ನೂ ನಿಧಾನ ಮಾಡಿ," ಎನ್ನುತ್ತಿದ್ದರು ಮೇಷ್ಟ್ರು.

ಬೇರೆ ಕಾಲೇಜಿನ ತರಬೇತುದಾರರು ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕದ್ದುಂಟು. ನಗಲಿ ಬಿಡಿ. ವರ್ಷದ ಕೊನೆಯಲ್ಲಿ ಬಹುಮಾನ ಯಾರ ಪಾಲಾಗುತ್ತಿತ್ತು ಎಂಬುದು ಆಮೇಲಿನ ಮಾತು.

ಅಜ್ಜಿ ಹೇಳುತ್ತಿದ್ದುದು ಒಬ್ಬ ಅಂಚೆಯವಳ ಕಥೆ. ಅವಳ ಚೀಲದಲ್ಲಿ ಒಂದು ಪಾರ್ಸೆಲ್ ಇದೆ, ಮಳೆಗೆ ನೆನೆದು ಅದರ ವಿಳಾಸ ಅಳಿಸಿಹೋಗಿದೆ. ವಾಪಸು ಕಳಿಸಲು ಅವಳಿಗೆ ಮನಸ್ಸಿಲ್ಲ. ಮನೆ ಮನೆಗೂ ಹೋಗಿ ಬಾಗಿಲು ತಟ್ಟುತ್ತಾಳೆ. ದಿನಕ್ಕೊಂದು ಮನೆ, ಮನೆಗೊಂದು ರಾಮಾಯಣ. ಒಂದು ಮನೆಯಲ್ಲಿ ಅಣ್ಣತಮ್ಮಂದಿರು ನಡುಮನೆಯ ಮಧ್ಯೆ ಬಳಪದಲ್ಲಿ ಗೆರೆ ಎಳೆದುಕೊಂಡು ಬದುಕುತ್ತಿದ್ದರು. ಇನ್ನೊಂದರಲ್ಲಿ ಒಬ್ಬ ಹೆಂಗಸು, ಪಾರ್ಸೆಲ್ ನನ್ನದಲ್ಲ ನಿಜ, ಆದರೂ ಯಾರೂ ನನಗೆ ಏನೂ ಕಳಿಸುವುದಿಲ್ಲ, ಒಂದು ಗಳಿಗೆ ಮಡಿಲಲ್ಲಿಟ್ಟುಕೊಂಡು ಕೊಡುತ್ತೇನೆ ಎಂದು ಬೇಡಿಕೊಂಡಳು. ಆ ದಿನ ಇಬ್ಬರೂ ಓಡುತ್ತಲೇ ಕಣ್ಣೊರೆಸಿಕೊಂಡರು. ಹೀಗೆ ಮೂರು ವರ್ಷ. ಹೂಂಗುಟ್ಟುವುದು ಸುಲಭದ ಕೆಲಸ ಎಂದುಕೊಂಡವರಿಗೆ ಆ ಕಷ್ಟ ಗೊತ್ತಿಲ್ಲ. ಸರಿಯಾದ ಜಾಗದಲ್ಲಿ ಸರಿಯಾದ ಹೂಂ ಬೀಳದಿದ್ದರೆ ಕಥೆ ಹೇಳುವವಳಿಗೆ ಹುರುಪೇ ಇರುವುದಿಲ್ಲ. ಕೊಕ್ಕರೆಯ ಹೂಂ ಕೇಳಿಯೇ ಅಜ್ಜಿ ಅವಳ ಉಸಿರು ಹೇಗಿದೆ, ಮನಸ್ಸು ಹೇಗಿದೆ, ತಿಂಗಳ ನೋವು ಶುರುವಾಗಿದೆಯೋ ಇಲ್ಲವೋ ಎಲ್ಲವನ್ನೂ ಹೇಳಿಬಿಡುತ್ತಿದ್ದಳು.

ಕೊನೆಯ ವರ್ಷದ ಅಂತರ ಕಾಲೇಜು ಓಟದಲ್ಲಿ ಕೊಕ್ಕರೆ ಮೊದಲು, ಅಜ್ಜಿ ಎರಡನೆಯವಳು. ನಡುವೆ ಇದ್ದದ್ದು ಒಂದು ಭುಜದಷ್ಟು ಅಂತರ. ಓಟ ನೋಡಲು ಟೈರ್ ಕಂಪನಿಯೊಂದರ ಮ್ಯಾನೇಜರ್ ಬಂದಿದ್ದರು. ಕಂಪನಿ ಓಟಗಾರರ ತಂಡ ಕಟ್ಟುತ್ತಿತ್ತು. ಇಬ್ಬರಿಗೂ ಸಂಬಳ, ಬೂಟು, ಓಡುವುದೇ ಉದ್ಯೋಗ. ಹಾಸ್ಟೆಲ್ಲಿನಲ್ಲಿ ಆ ದಿನ ಇಬ್ಬರೂ ಮಂಚದ ಮೇಲೆ ಹತ್ತಿ ಕುಣಿದು ಒಂದು ಪಟ್ಟಿ ಮುರಿದರು. ಓಡುವುದಕ್ಕೆ ಯಾರಾದರೂ ಸಂಬಳ ಕೊಡುತ್ತಾರೆ ಎಂಬುದೇ ಅವರಿಗೆ ನಗು ತರಿಸುವ ವಿಷಯವಾಗಿತ್ತು.

ಒಂದೇ ಒಂದು ವಿಷಯವನ್ನು ಕಂಪನಿ ಅವರಿಗೇ ಬಿಟ್ಟಿತ್ತು: ಎಲ್ಲಿ ತಯಾರಾಗಬೇಕು ಎಂಬುದನ್ನು. ಎತ್ತರದ ಬೆಟ್ಟದ ಮೇಲೆ ಕಂಪನಿಯ ಶಿಬಿರವಿತ್ತು. ಗಾಳಿ ತೆಳುವಾದ ಜಾಗ, ಅಲ್ಲಿ ಓಡಿ ಕೆಳಗಿಳಿದರೆ ರೆಕ್ಕೆ ಬಂದ ಹಾಗಾಗುತ್ತದೆ ಎನ್ನುತ್ತಿದ್ದರು. ಬೇಡವೆಂದರೆ ಊರಲ್ಲೇ ಮೇಷ್ಟ್ರ ಬಳಿ ಉಳಿಯಬಹುದು, ಸಂಬಳ ಅದೇ. ನೋಡಿಕೊಂಡು ಬರಲು ಇಬ್ಬರೂ ಒಂದು ವಾರ ಬೆಟ್ಟ ಹತ್ತಿದರು.

ಕೊಕ್ಕರೆಗೆ ಅಲ್ಲಿ ಮೊದಲ ದಿನವೇ ಮನಸ್ಸು ಹೋಯಿತು. ಸುಣ್ಣ ಬಳಿದ ಉದ್ದನೆಯ ಕೋಣೆ, ಕಿಟಕಿಯಾಚೆ ಮಂಜು, ಮೊಳೆಗಳಿಗೆ ನೇತುಹಾಕಿದ ಸಾಲು ಸಾಲು ಬೂಟು. ಓಡುವಾಗ ಯಾರೂ ಮಾತಾಡುತ್ತಿರಲಿಲ್ಲ. ಎಲ್ಲರ ಕೈಯಲ್ಲೂ ಗಡಿಯಾರ, ಎಲ್ಲರ ಕಣ್ಣೂ ಮುಂದೆ. ಅವಳಿಗೆ ತನ್ನ ಹೆಜ್ಜೆಯ ಸದ್ದು ತನಗೇ ಕೇಳಿಸಿದ್ದು ಅಲ್ಲೇ ಮೊದಲು. ಎಷ್ಟು ಚೆನ್ನಾಗಿತ್ತು ಎಂದರೆ, ಈ ಸದ್ದನ್ನು ಇಷ್ಟು ದಿನ ಆ ಅಂಚೆಯವಳು ಮುಚ್ಚಿಟ್ಟಿದ್ದಳಲ್ಲ ಎಂದು ಕೊಂಚ ಸಿಟ್ಟೂ ಬಂತು. ಅವಳನ್ನು ಮೊದಲ ಗುಂಪಿಗೆ ಹಾಕಿದರು, ಅಜ್ಜಿಯನ್ನು ಎರಡನೆಯದಕ್ಕೆ. ಅಜ್ಜಿಗೆ ವಾರವಿಡೀ ನೆಗಡಿ, ತಲೆನೋವು, ಊಟ ಸೇರಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಅವಳು ಕಥೆ ಹೇಳಲಿಲ್ಲ, ಇವಳು ಕೇಳಲಿಲ್ಲ. ಯಾರು ಎಲ್ಲಿಗೆ ಎಂಬುದು ಇಬ್ಬರಿಗೂ ಗೊತ್ತಾಗಿಹೋಗಿತ್ತು.

ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದ ಅಪ್ಪನನ್ನು ಕೇಳಿದಾಗ ಅವನು ತಲೆ ಎತ್ತಲೂ ಇಲ್ಲ. "ಹೋಗು ಅಂದ್ರೆ ಇರ್ತೀಯ, ಇರು ಅಂದ್ರೆ ಹೋಗ್ತೀಯ. ನಾನ್ಯಾಕೆ ಬಾಯಿ ನೋಯಿಸ್ಕೊಳ್ಲಿ," ಎಂದ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಆಮೇಲೆ ಅವನು ಆ ಬೆಳಿಗ್ಗೆಯ ಬ್ರೆಡ್ಡಿಗೆ ಉಪ್ಪು ಹಾಕುವುದನ್ನೇ ಮರೆತದ್ದು ಬೇರೆ ವಿಷಯ.

ಮೇಷ್ಟ್ರಿಗೆ ಹೇಳುವುದೇ ಕಷ್ಟವಾಯಿತು. ಮೂರು ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿ ಹೋದಳು. ಅವರು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಎಲ್ಲವನ್ನೂ ಕೇಳಿಸಿಕೊಂಡು, ಪಂಪು ಕೆಳಗಿಟ್ಟು, ಒಂದೇ ಒಂದು ಪ್ರಶ್ನೆ ಕೇಳಿದರು.

"ಅಲ್ಲಿ ನಿನ್ನ ಹತ್ರ ಯಾರಮ್ಮ ಮಾತಾಡ್ತಾರೆ?"

"ಮಾತಾಡೋಕೆ ಹೋಗ್ತಿಲ್ಲ ಸರ್, ಓಡೋಕೆ ಹೋಗ್ತಿದೀನಿ," ಎಂದಳು ಕೊಕ್ಕರೆ.

ಮೇಷ್ಟ್ರು ನಕ್ಕರು, ಸರಿ ಎಂದರು, ಮತ್ತೆ ಗಾಳಿ ಹೊಡೆಯತೊಡಗಿದರು. ಪಾಪ, ಹೆಣ್ಣುಮಗಳು ಒಂಟಿಯಾಗುತ್ತಾಳೆ ಎಂದು ಈ ಮೃದು ಮನಸ್ಸಿನ ಮನುಷ್ಯ ಮರುಗುತ್ತಿದ್ದಾರೆ ಎಂದೇ ಅವಳು ತಿಳಿದಳು. ಹಾಗೆಯೇ ತಿಳಿದು ಹೊರಟಳು.

ಹೊರಡುವ ಹಿಂದಿನ ಬೆಳಿಗ್ಗೆ ಅಜ್ಜಿ, ಕೊಕ್ಕರೆ ಕೊನೆಯ ಸಲ ಕಾಲುವೆ ದಂಡೆಯ ಮೇಲೆ ಓಡಿದರು. ಅಂಚೆಯವಳು ಊರಿನ ಕೊಟ್ಟಕೊನೆಯ ಮನೆಗೆ ಬಂದಿದ್ದಳು. ಬಾಗಿಲು ತಟ್ಟಿದಳು. ಒಳಗೆ ಯಾರೋ ನಡೆದು ಬರುವ ಸದ್ದು ಕೇಳಿಸಿತು. ಅಷ್ಟು ಹೇಳಿ ಅಜ್ಜಿ ತೂಬಿನ ಬಳಿ ನಿಂತುಬಿಟ್ಟಳು. "ಮಿಕ್ಕಿದ್ದು ನನ್ನ ಪಕ್ಕ ಮತ್ತೆ ಓಡಿದಾಗ," ಎಂದಳು. ಕೊಕ್ಕರೆ ಅತ್ತಳು, ಬೈದಳು, ಗೋಗರೆದಳು. ಅಜ್ಜಿ ತುಟಿ ಬಿಚ್ಚಲಿಲ್ಲ.

ಬೆಟ್ಟದ ಮೇಲೆ ಮೊದಲ ವರ್ಷ ಹಬ್ಬ. ಕೊಕ್ಕರೆ ಎರಡು ದೊಡ್ಡ ಓಟ ಗೆದ್ದಳು, ಪೇಪರಿನಲ್ಲಿ ಫೋಟೋ ಬಂತು, ಅಪ್ಪ ಅದನ್ನು ಬನ್ನಿನ ಗಾಜಿನ ಪೆಟ್ಟಿಗೆಗೆ ಅಂಟಿಸಿದ. ಬೆಟ್ಟವನ್ನು ದೂರುವ ಹಾಗಿಲ್ಲ. ಅವಳ ಜೊತೆಯಲ್ಲಿದ್ದ ಎಷ್ಟೋ ಹುಡುಗಿಯರು ಅಲ್ಲೇ ಅರಳಿದರು. ಅವರಿಗೆ ನಿಧಾನ ಎಂದರೇನೆಂದು ಅವರವರ ಗಡಿಯಾರ ಹೇಳುತ್ತಿತ್ತು. ಕೊಕ್ಕರೆಯ ಕೈಯಲ್ಲೂ ಗಡಿಯಾರವಿತ್ತು, ಆದರೆ ಅವಳು ಅದನ್ನು ನೋಡುತ್ತಿದ್ದುದು ಜೋರಿನ ದಿನ ಮಾತ್ರ. ಮೇಷ್ಟ್ರ ಶಿಷ್ಯೆಯಲ್ಲವೇ! ನಿಧಾನದ ದಿನ ನಿಧಾನವಾಗಿಯೇ ಓಡುತ್ತಿದ್ದೇನೆ ಎಂದು ನಂಬಿ, ತನ್ನ ಹೆಜ್ಜೆಯ ಚೆಂದದ ಸದ್ದು ಕೇಳುತ್ತಾ ಹೋಗುತ್ತಿದ್ದಳು. ಸದ್ದು ಚೆಂದವಾದಷ್ಟೂ ಕಾಲು ಚುರುಕಾಗುತ್ತಿತ್ತು. ಎರಡನೆಯ ವರ್ಷ ಮೊಣಕಾಲಿನ ಕೆಳಗೆ ನೋವು ಬಂತು. ನುಂಗಿಕೊಂಡು ಓಡಿದಳು. ಮೂರನೆಯ ವರ್ಷ ಒಂದು ಮಂಜಿನ ಬೆಳಿಗ್ಗೆ ಕಣಕಾಲಿನ ಮೂಳೆ ಸೀಳಿತು. ಪ್ಲಾಸ್ಟರ್ ಬಿಚ್ಚಿ ಮತ್ತೆ ಓಡಿದಾಗ ಅದೇ ಜಾಗದಲ್ಲಿ ಮತ್ತೆ ಸೀಳಿತು.

ನಿಧಾನದ ದಿನ ಎಷ್ಟು ನಿಧಾನ ಓಡುತ್ತಿದ್ದೆ ಎಂದು ಡಾಕ್ಟರು ಕೇಳಿದರು. ಮಾತಾಡಿಕೊಂಡು ಓಡುವಷ್ಟು, ಎಂದು ಅವಳ ಬಾಯಿಂದ ತಾನಾಗಿ ಬಂತು. ಹೇಳಿದ ಮೇಲಷ್ಟೇ ಹೊಳೆಯಿತು. ಮೂರು ವರ್ಷದಲ್ಲಿ ಅವಳು ಓಡುತ್ತಾ ಒಂದು ಮಾತೂ ಆಡಿರಲಿಲ್ಲ. ಒಂದು ಹೂಂ ಕೂಡ ಅಂದಿರಲಿಲ್ಲ. ಮೇಷ್ಟ್ರು ಆ ದಿನ ಪಂಪು ಕೆಳಗಿಟ್ಟು ಕೇಳಿದ್ದು ಅವಳ ಒಂಟಿತನದ ಬಗ್ಗೆ ಅಲ್ಲವೇ ಅಲ್ಲ, ಅವಳ ಕಾಲಿನ ಬಗ್ಗೆ. ಗೋಡೆ ಕಡೆ ತಿರುಗಿ ಮಲಗಿ ಅವಳು ತುಂಬ ಹೊತ್ತು ಅತ್ತಳು.

ಇನ್ನು ಸ್ಪರ್ಧೆ ಬೇಡ, ಬೇಕಾದರೆ ಮೆಲ್ಲಗೆ ಓಡಿಕೊಂಡಿರಬಹುದು ಎಂದರು ಡಾಕ್ಟರು. ಮೆಲ್ಲಗೆ ಓಡುವುದೂ ಒಂದು ಓಟವೇ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದು ಬೇಕರಿಯ ಮೇಲಿನ ಕೋಣೆ ಸೇರಿದಳು. ಕಿಟಕಿಯಿಂದ ಕಾಲುವೆ ದಂಡೆ ಕಾಣುತ್ತಿತ್ತು. ಬೆಳಿಗ್ಗೆ ಅಜ್ಜಿ ಕೈ ಆಡಿಸುತ್ತಾ, ಏನೋ ಹೇಳುತ್ತಾ ಓಡುತ್ತಿದ್ದಳು. ಪಕ್ಕದಲ್ಲಿ ಮೇಷ್ಟ್ರು ಸೈಕಲ್ ತುಳಿಯುತ್ತಾ ತಲೆಯಾಡಿಸುತ್ತಿದ್ದರು. ಅಜ್ಜಿ ಈಗ ದೇಶದ ತಂಡದಲ್ಲಿದ್ದಳು. ಆದರೆ ಕೊಕ್ಕರೆಗೆ ಹೊಟ್ಟೆ ಉರಿದದ್ದು ಅದಕ್ಕಲ್ಲ. ತನ್ನ ಜಾಗದಲ್ಲಿ ಮೇಷ್ಟ್ರು ಹೂಂಗುಟ್ಟುತ್ತಿದ್ದಾರೆ, ಆ ಕೊನೆಯ ಮನೆಯ ಬಾಗಿಲು ತಾನಿಲ್ಲದಾಗ ತೆರೆದುಹೋಯಿತು ಎಂದು.

ತಿಂಗಳುಗಟ್ಟಲೆ ಮುಖ ತಪ್ಪಿಸಿಕೊಂಡು ತಿರುಗಿದಳು. ಒಂದು ದಿನ ಅಜ್ಜಿಯೇ ಬೇಕರಿಯೊಳಗೆ ನುಗ್ಗಿ, ಮೆಟ್ಟಿಲು ಹತ್ತಿ ಬಂದು ಎದುರಿಗೆ ಕೂತಳು. 

"ಬಾಗಿಲು ಯಾರು ತೆಗೆದರು?" ಎಂದು ಕೊಕ್ಕರೆ ಕೇಳಿದಳು.

"ಯಾರೂ ತೆಗೆದಿಲ್ಲ ಕಣೇ. ಮೇಷ್ಟ್ರಿಗೆ ಬೇರೆ ಕಥೆ ಹೇಳ್ತೀನಿ. ಅವಳಿನ್ನೂ ಅಲ್ಲೇ ನಿಂತಿದಾಳೆ," ಎಂದಳು ಅಜ್ಜಿ. "ಬಾ ಓಡೋಣ."

ಕೊಕ್ಕರೆ ಹೋಗಲಿಲ್ಲ. ಕುಂಟಿಕೊಂಡು, ಮುದುಕರ ಹಾಗೆ, ನಿನ್ನ ಪಕ್ಕದಲ್ಲಾ? ಎಂದುಬಿಟ್ಟಳು. ಜಂಭ ಎಂಬುದು ಮೂಳೆ ಸೀಳಿದರೂ ಸೀಳುವ ವಸ್ತುವಲ್ಲ. ಅಜ್ಜಿ ಬಲವಂತ ಮಾಡಲಿಲ್ಲ. ಮರುವರ್ಷ ಮೇಷ್ಟ್ರಿಗೆ ಮಂಡಿ ನೋವು ಶುರುವಾದಾಗ, ಅವರು ಸೈಕಲ್ಲನ್ನು ಬೇಕರಿಯ ಬಾಗಿಲಿಗೆ ಒರಗಿಸಿ, ಚೈನಿಗೆ ಎಣ್ಣೆ ಹಾಕ್ತಾ ಇರು ಎಂದಷ್ಟೇ ಹೇಳಿ ಹೋದರು. ಅಂದಿನಿಂದ ಅಜ್ಜಿ ಓಡಿದಷ್ಟು ವರ್ಷ ಕೊಕ್ಕರೆ ಅದರ ಮೇಲೆ ಕೂತು ಹೂಂಗುಟ್ಟಿದಳು. ಬೆಳಿಗ್ಗೆ ಸೈಕಲ್ಲು, ಹಗಲು ಡ್ರೈವಿಂಗ್ ಸ್ಕೂಲು. ಅಜ್ಜಿ ಎಷ್ಟೋ ಓಟ ಗೆದ್ದಳು, ಒಮ್ಮೆಯೂ ಮೂಳೆ ಮುರಿದುಕೊಳ್ಳಲಿಲ್ಲ. ಕಳ್ಳರ ಕಥೆ, ಮಂತ್ರವಾದಿಯ ಕಥೆ, ಪಕ್ಕದ ಮನೆಯವರ ಕಥೆ, ಎಲ್ಲವೂ ಬಂದವು. ಅಂಚೆಯವಳ ಸುದ್ದಿ ಮಾತ್ರ ಬರಲಿಲ್ಲ. ಕೇಳಿದರೆ, ಸೈಕಲ್ ಮೇಲೆ ಕೂತವರಿಗೆ ಆ ಕಥೆ ಇಲ್ಲ ಎನ್ನುತ್ತಿದ್ದಳು.

ಆಮೇಲೆ ಅಜ್ಜಿಯ ಓಟ ಮುಗಿಯಿತು. ದೂರದ ಊರಿನ ಶಾಲೆಯಲ್ಲಿ ಆಟದ ಟೀಚರಾದಳು. ಮೇಷ್ಟ್ರು ತೀರಿಕೊಂಡರು. ಅಪ್ಪ ಬೇಕರಿಯನ್ನು ಕೆಲಸದವನಿಗೇ ಒಪ್ಪಿಸಿ ಮೇಲೆ ಕೂತು ಪೇಪರು ಓದುವವನಾದ. ಬಿಳಿ ಕಾರಿನಲ್ಲಿ ಜನ ಬಂದರು, ಮಾತಾಡಿದರು, ಲೈಸೆನ್ಸ್ ತೆಗೆದುಕೊಂಡು ಹೋದರು. ಕೊಕ್ಕರೆಯ ತಲೆಯಲ್ಲಿ ಆ ಅಂಚೆಯವಳು ಬಾಗಿಲ ಮುಂದೆ ನಿಂತೇ ಇದ್ದಳು. ಕೆಲವೊಮ್ಮೆ ಸಿಗ್ನಲ್ಲಿನಲ್ಲಿ ಕಾಯುವಾಗ, ಪಾಪ, ಕಾಲು ಎಷ್ಟು ನೋಯುತ್ತಿದೆಯೋ ಎಂದುಕೊಳ್ಳುತ್ತಿದ್ದಳು.

ಮೊನ್ನೆ ಬೇಸಿಗೆ ರಜೆಯಲ್ಲಿ ಡ್ರೈವಿಂಗ್ ಸ್ಕೂಲಿಗೆ ಒಬ್ಬಳು ಕಲಿಯಲು ಬಂದಳು. ತಲೆಯೆಲ್ಲ ನರೆತು, ಹಣೆಯ ಮೇಲಿನ ಆ ಒಂದು ಎಳೆ ಯಾವುದೆಂದು ಈಗ ಗೊತ್ತಾಗುತ್ತಿರಲಿಲ್ಲ. ಅಂತೂ ಹೆಸರಿಗೆ ತಕ್ಕ ಹಾಗಾದೆ, ಎಂದಳು ಕೊಕ್ಕರೆ. ಅಜ್ಜಿಯ ಕಾರು ಓಡಿಸುವ ಚೆಂದವನ್ನು ವರ್ಣಿಸದಿರುವುದೇ ವಾಸಿ. ಎರಡು ಕಡೆ ಫುಟ್‌ಪಾತಿನ ಮೇಲೆ ಹತ್ತಿಸಿ, ಹೂವಿನ ಕುಂಡ ಮಾರುವವನೊಬ್ಬನಿಂದ ಬೈಸಿಕೊಂಡು, ಊರಾಚೆ ಕಾಲುವೆಯ ತೂಬಿನ ಬಳಿ ಗಾಡಿ ನಿಲ್ಲಿಸಿ, ಚಾವಿ ತೆಗೆದು ತನ್ನ ಜೇಬಿಗೆ ಹಾಕಿಕೊಂಡಳು.

"ಇಳಿ. ಇವತ್ತು ನಾನೂ ಮುದುಕಿ, ನೀನೂ ಮುದುಕಿ. ಇನ್ಯಾರ ಮುಂದೆ ನಿನ್ನ ಜಂಭ?"

 ಕೊಕ್ಕರೆ ಎರಡನೆಯ ಬ್ರೇಕಿನಿಂದ ಕಾಲು ತೆಗೆದು ಇಳಿದಳು. ಇಬ್ಬರೂ ಓಡಿದರು. ಓಟ ಎಂದರೆ ನೋಡಿದವರು ನಗಬೇಕು, ಹಾಲಿನವನ ಎಮ್ಮೆ ಅವರನ್ನು ಹಿಂದೆ ಹಾಕಿ ಹೋಯಿತು. ದಂಡೆಯ ಮಣ್ಣು ಹಾಗೇ ಇತ್ತು, ಕಾಲಿಗೆ ಗುರುತು ಸಿಕ್ಕಿತು. ಕೊಕ್ಕರೆಗೆ ನಾಚಿಕೆಯಾಗಲಿಲ್ಲ. ಇಷ್ಟಕ್ಕಾ ನಾನು ಇಷ್ಟು ವರ್ಷ ಹೆದರಿದ್ದು ಎಂದು ಅಳು ಬಂತು, ನಗುವೂ ಬಂತು.

"ಹೂಂ, ಹೇಳು," ಎಂದಳು.

"ಕೊನೇ ಮನೆ," ಎಂದಳು ಅಜ್ಜಿ. "ಅವಳು ಬಾಗಿಲು ತಟ್ಟಿದಳು. ಒಳಗಿಂದ..." ಅಷ್ಟಕ್ಕೇ ಅವಳ ಉಸಿರು ಕಟ್ಟಿತು. ಇನ್ನೊಮ್ಮೆ ಶುರುಮಾಡಿದಳು, ಇನ್ನೊಮ್ಮೆ ತುಂಡಾಯಿತು. ಎದೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. "ನನ್ನ ಕೈಲಾಗಲ್ಲ ಕಣೇ. ಇಷ್ಟು ವರ್ಷ ಕೇಳಿದೀಯಲ್ಲ. ನೀನೇ ಹೇಳು."

ಕೊಕ್ಕರೆ ಹುಟ್ಟಿದಾಗಿನಿಂದ ಒಂದು ಕಥೆಯನ್ನೂ ಹೇಳಿದವಳಲ್ಲ. 

"ಬಾಗಿಲು ತೆರೀತು," ಎಂದಳು.

"ಹೂಂ."

"ಒಳಗಿಂದ ಒಬ್ಬಳು ಬಂದು ಪಾರ್ಸೆಲ್ ತಿರುಗಿಸಿ ನೋಡಿದಳು. ಇದು ನಂದಲ್ಲ ಅಂದಳು. ಆದ್ರೆ ನೀನು ತುಂಬ ಹೊತ್ತಿನಿಂದ ನಿಂತಿದೀಯ, ಕಾಲು ನೋಯ್ತಿರುತ್ತೆ, ಒಳಗೆ ಬಾ ಅಂದಳು."

"ಹೂಂ," ಎಂದಳು ಅಜ್ಜಿ.

ಆ ಹೂಂ ತುಂಡಾಗಿ ಬಂತು. ಕೊಕ್ಕರೆ ಓಟವನ್ನು ಇನ್ನೂ ನಿಧಾನ ಮಾಡಿದಳು.